ಬೆಳ್ಳಿ ತೆಗೆದು ತೂಗಿದ ವರ್ಷ

ಹೋದ ತಿಂಗಳು ಮೊಮ್ಮಗನ ಕಡಗಕ್ಕೆ ಮೆರುಗು ಕೊಡಿಸಲು ಆಳಂದದ ಪತ್ತಾರರ ಅಂಗಡಿಗೆ ಹೋಗಿದ್ದೆ. ಅಂಟವಾಳದ ಬಿಸಿನೀರಿನಲ್ಲಿ ಬೆಳ್ಳಿ ಮುಳುಗಿಸಿ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಆ ನೊರೆಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಪತ್ತಾರರು ಕಡಗವನ್ನು ಒರೆಸಿ, ತಕ್ಕಡಿಯ ಮೇಲಿಟ್ಟು, ತೂಕ ಕಮ್ಮಿಯಾಗಿಲ್ಲ ನೋಡಿ ಎಂದು ತೋರಿಸಲು ಹೋದರು. ನಾನು ಅತ್ತ ತಿರುಗಿಯೂ ನೋಡದೆ ಕಡಗ ಇಸಿದುಕೊಂಡು ಹೊರಬಿದ್ದೆ. ಈ ಮುದುಕಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಆಗಿದ್ದು ನಿಜ, ನಾಲ್ಕು ವರ್ಷದ ಹಿಂದೆ.

ಆಗ ನಾನು ತರಬೇತುದಾರಳಾಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರಿಗೆ ಕಲಿಸುವುದು ನನ್ನ ಕೆಲಸ. ಕರಾರಿನ ನೌಕರಿ. ವರ್ಷಕ್ಕೊಮ್ಮೆ ಸಾಹೇಬರ ಸಹಿ ಬಿದ್ದರೆ ಇನ್ನೊಂದು ವರ್ಷ, ಬೀಳದಿದ್ದರೆ ಮನೆ. ಜತೆಗೆ ಮಕಬೂಲ್ ಸರ್ ಇದ್ದರು. ನಿವೃತ್ತ ಶಾಲೆ ಮಾಸ್ತರರು, ಆಟ ಆಡಿಸಿ ಕಲಿಸುವುದರಲ್ಲಿ ಗಟ್ಟಿಗರು. ಊಟವಾದ ಮೇಲೆ ಹೆಂಗಸರು ತೂಕಡಿಸತೊಡಗಿದರೆ ಎಲ್ಲರನ್ನೂ ಎಬ್ಬಿಸಿ ಮಳೆ ಚಪ್ಪಾಳೆ ಹೊಡೆಸುತ್ತಿದ್ದರು. ಮೊದಲು ಒಂದು ಬೆರಳು, ಆಮೇಲೆ ಎರಡು, ಹೀಗೆ ಐದೂ ಬೆರಳು ಸೇರಿದಾಗ ಸಭಾಂಗಣದ ತುಂಬ ಜೋರು ಮಳೆ ಬಿದ್ದಂತೆ ಸದ್ದು. ನಂತರ ಒಂದೊಂದೇ ಬೆರಳು ಇಳಿಸುತ್ತ ಮಳೆ ನಿಲ್ಲಿಸುತ್ತಿದ್ದರು. ಎಷ್ಟೋ ಊರುಗಳಲ್ಲಿ ಆ ವರ್ಷ ಅದೊಂದೇ ಮಳೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಶ್ರಾವಣ ಹುಟ್ಟಿದ್ದೇ ನಿಜವಾದ ಮಳೆ ಹಿಡಿಯಿತು.

ಬೆಂಗಳೂರಿನಲ್ಲಿ ನಮಗೆ ಐದು ದಿನ ಕಲಿಸಿದ್ದನ್ನು ನಾವು ಕಾರ್ಯಕರ್ತೆಯರಿಗೆ ಎರಡು ದಿನದಲ್ಲಿ ಕಲಿಸಬೇಕು. ಆ ಎರಡು ದಿನದಲ್ಲಿ ಉದ್ಘಾಟನೆಗೆ ಅರ್ಧ ದಿನ, ಊಟ ಚಹಾ ಸಹಿಗಳಿಗೆ ಇನ್ನರ್ಧ. ಉಳಿದ ಒಂದು ದಿನದಲ್ಲಿ ಮಗುವಿನ ತೂಕ, ಎತ್ತರ, ತೋಳಿನ ಸುತ್ತಳತೆ, ಮೊಬೈಲ್ ಆ್ಯಪ್, ತಾಯಿಯ ಜತೆ ಮಾತಾಡುವ ಬಗೆ ಎಲ್ಲ ಮುಗಿಯಬೇಕು. ಆದರೂ ನನಗೆ ನನ್ನ ಕೆಲಸದ ಮೇಲೆ ಹಮ್ಮಿತ್ತು. ನನ್ನ ತರಗತಿಯಲ್ಲಿ ಕೂತವರು ಒಂದಾದರೂ ಹೊಸದು ಕಲಿತು ಹೋಗುತ್ತಾರೆ ಎಂದು ನಂಬಿದ್ದೆ, ಹಾಗೆಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ.

ಅಫಜಲಪುರದ ಕಟ್ಟಡ ಸೋರುತ್ತಿದ್ದುದರಿಂದ ಆ ಸಲ ಅಲ್ಲಿನವರನ್ನೂ ಆಳಂದದ ಸಮುದಾಯ ಭವನಕ್ಕೇ ಕರೆಸಿದ್ದರು. ನಲವತ್ತು ಜನ ಬಂದಿದ್ದರು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಬ್ಬೊಬ್ಬರ ಕಾಲೂ ಸೇರು ಭಾರವಾಗಿತ್ತು. ಬಾಗಿಲ ಹತ್ತಿರದ ನಳದಲ್ಲಿ ಕಾಲು ತೊಳೆದು ಬರುವುದರಲ್ಲೇ ಹನ್ನೊಂದು ಗಂಟೆ. ಈ ತರಬೇತಿಯಿಂದ ನಿಮ್ಮ ನಿರೀಕ್ಷೆ ಏನು ಬರೆಯಿರಿ ಎಂದು ಚೀಟಿ ಹಂಚಿದರೆ ಅರ್ಧಕ್ಕರ್ಧ ಜನ ಊಟ ಛಲೋ ಇರಲಿ, ನಾಲ್ಕರ ಬಸ್ಸಿಗೆ ಬಿಡಿರಿ ಎಂದು ಬರೆದಿದ್ದರು. ನನಗೆ ಸಿಟ್ಟು ಬರಲಿಲ್ಲ. ಮುಂಜಾನೆ ಐದಕ್ಕೆ ಎದ್ದು ರೊಟ್ಟಿ ಬಡಿದು ಬಂದವರು ಇನ್ನೇನು ಬರೆದಾರು?

ತೂಕದ ಪಾಠ ನನ್ನದು. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು: ಮಗುವನ್ನು ಕನಿಷ್ಠ ಉಡುಪಿನಲ್ಲಿ ತೂಗಬೇಕು. ಬೆಂಗಳೂರಿನಲ್ಲಿ ಅದನ್ನು ಓದಿ ಮುಂದೆ ಹೋದರು. ನಾನು ಅಲ್ಲಿ ನಿಂತೆ. ನಮ್ಮ ಕಡೆ ಕೂಲಿ ಮಾಡುವವರ ಮನೆಯ ಕೂಸಿಗೂ ತವರಿನವರು ತೊಟ್ಟಿಲಿಗೆ ಹಾಕುವ ದಿನ ಬೆಳ್ಳಿ ತರುತ್ತಾರೆ. ಸೊಂಟಕ್ಕೆ ಉಡದಾರ, ಕೈಕಾಲಿಗೆ ಕಡಗ, ಕೊರಳಿಗೆ ತಾಯತಗಳ ಗೊಂಚಲು. ಮಗು ಒಣಗಿದ್ದರೂ ಬೆಳ್ಳಿ ಒಣಗುವುದಿಲ್ಲವಲ್ಲ. ನಾನು ನನ್ನ ಮಗಳ ಎಳವೆಯ ಬೆಳ್ಳಿಯನ್ನೆಲ್ಲ ಟ್ರಂಕಿನಿಂದ ತೆಗೆದು, ಅಂಟವಾಳದ ನೀರಿನಲ್ಲಿ ತೊಳೆದು, ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದಿದ್ದೆ. ಗಂಟು ಬಿಚ್ಚಿದಾಗಲೂ ಆ ಹುಳಿ ವಾಸನೆ ಹೋಗಿರಲಿಲ್ಲ. ಎಲ್ಲವನ್ನೂ ತೂಗುವ ಜೋಳಿಗೆಯಲ್ಲಿ ಹಾಕಿದೆ. ಗೆರೆಗೆ ನೂರು ಗ್ರಾಂ; ಮುಳ್ಳು ಎರಡು ಗೆರೆ ದಾಟಿ ಮೂರನೆಯದರ ಹತ್ತಿರ ಹೋಗಿ ನಿಂತಿತು. ಸಭಾಂಗಣದಲ್ಲಿ ಗುಜುಗುಜು ಎದ್ದಿತು.

ತೂಕ ವಯಸ್ಸಿಗೆ ತಕ್ಕಷ್ಟಿದ್ದರೆ ಮಗು ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಕೆಂಪು ಮಗುವನ್ನು ತಾಯಿಯ ಜತೆ ಹದಿನಾಲ್ಕು ದಿನ ದೊಡ್ಡಾಸ್ಪತ್ರೆಯಲ್ಲಿಟ್ಟು ಮದ್ದು, ಹಾಲು ಕೊಟ್ಟು ಮೇಲೆತ್ತುತ್ತಾರೆ. ಹಳದಿಗೆ ಅದಿಲ್ಲ, ಒಂದು ಮೊಟ್ಟೆ ಹೆಚ್ಚು ಅಷ್ಟೆ. ಹಳದಿಗೂ ಕೆಂಪಿಗೂ ನಡುವೆ ಕೆಲವು ಸಲ ಇರುವುದು ಈ ಮೂರು ಗೆರೆ. "ಇದು ಕೂಸಿನ ತೂಕ ಏನ್ರಿ? ಬೆಳ್ಳಿ ತಗದು ತೂಗ್ರಿ" ಎಂದೆ. ಚಪ್ಪಾಳೆ ಬಿತ್ತು. ಹಿಗ್ಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

ಎರಡನೇ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು. ನಲವತ್ತರ ಆಸುಪಾಸು, ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು, ಎದುರಿಗಿದ್ದ ನೋಟುಬುಕ್ಕಿನಲ್ಲಿ ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ಇಂದುಬಾಯಿ, ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಊರಿನವರು. ಊರಿನ ಹೆಸರು ಇಲ್ಲಿ ಬೇಡ.

"ಮೇಡಂರಿ, ಉಡದಾರ ಬಿಚ್ಚಾಕ ಯಾರೂ ಕೊಡೂದಿಲ್ರಿ" ಎಂದರು. "ಕೂಸಿನ ಟೊಂಕ ಬರೇ ಇಡಬಾರದು ಅಂತಾರ. ಸತ್ತ ಮ್ಯಾಲ ಅಷ್ಟೇ ಉಡದಾರ ಹರೀತಾರ."

ನನಗೂ ಅದು ಗೊತ್ತಿತ್ತು. ಉತ್ತರ ಮಾತ್ರ ಗೊತ್ತಿರಲಿಲ್ಲ. ತಾಯಂದಿರ ಮನಸ್ಸು ಒಲಿಸಿಕೊಳ್ಳಿ ಎಂದೆ. ತರಬೇತುದಾರರು ಉತ್ತರವಿಲ್ಲದಾಗ ಹೇಳುವ ಮಾತು ಅದು. ಇಂದುಬಾಯಿ ಅದನ್ನೂ ಬರೆದುಕೊಂಡು, ಕೆಂಪು ಪೆನ್ನಿನಿಂದ ಕೆಳಗೆ ಗೆರೆ ಎಳೆದರು.

ತರಬೇತಿ ಮುಗಿದ ಮೇಲೆ ಕಲಿತವರು ಹೇಗೆ ಮಾಡುತ್ತಿದ್ದಾರೆಂದು ಊರಿಗೇ ಹೋಗಿ ನೋಡುವ ಪದ್ಧತಿಯೊಂದಿದೆ. ಬಹಳ ಜನ ಆಫೀಸಿನಲ್ಲೇ ಕೂತು ಆ ವರದಿ ಬರೆಯುತ್ತಾರೆ. ನಾನೂ ಬರೆದಿದ್ದುಂಟು. ಆ ಭಾದ್ರಪದದಲ್ಲಿ ಮಾತ್ರ ಏಕೋ ಇಂದುಬಾಯಿಯ ಊರಿಗೆ ಹೋಗಲೇಬೇಕೆನಿಸಿತು. ಅಫಜಲಪುರದಿಂದ ಬಸ್ಸು ಹಿಡಿದು ಹೋದೆ. ಭೀಮೆ ಕೆಂಪಾಗಿ ದಂಡೆಯವರೆಗೂ ಬಂದಿದ್ದಳು. ದಾರಿಯ ಎರಡೂ ಬದಿ ಕಬ್ಬು ಆಳೆತ್ತರ ನಿಂತಿತ್ತು. ಬಸ್ಸು ನಿಂತಲ್ಲಿಂದ ಅಂಗನವಾಡಿಯವರೆಗೆ ಕೆಸರಿನಲ್ಲಿ ಸೀರೆ ಎತ್ತಿ ಹಿಡಿದು ನಡೆದೆ.

ಅದು ತೂಗುವ ದಿನ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಕಾಳಿನ ಚೀಲಗಳು, ತೊಲೆಗೆ ನೇತುಹಾಕಿದ ತಕ್ಕಡಿ. ಮೇಜಿನ ಮೇಲೆ ಹೊಸದೊಂದು ವಸ್ತು ಇತ್ತು, ಕೆಂಪು ನೂಲಿನ ಉಂಡೆ. ನೋಡುತ್ತ ಕೂತೆ. ಒಂದು ಮಗು ಬಂದ ಕೂಡಲೇ ಇಂದುಬಾಯಿ ನೂಲು ಕತ್ತರಿಸಿ, ಅರಿಸಿನ ಹಚ್ಚಿ, ಮೊದಲು ಅದನ್ನು ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದರು. ಆಮೇಲೆ ಬೆಳ್ಳಿಯ ಉಡದಾರ ಬಿಚ್ಚಿ ತಾಯಿಯ ಕೈಗೇ ಕೊಡುತ್ತಿದ್ದರು. ತೂಕವಾದ ಮೇಲೆ ಬೆಳ್ಳಿ ಮತ್ತೆ ಏರುತ್ತಿತ್ತು, ನೂಲು ಕೂಡ ಹಾಗೇ ಉಳಿಯುತ್ತಿತ್ತು. ಹೀಗಾಗಿ ಸೊಂಟ ಒಂದು ಗಳಿಗೆಯೂ ಬರಿದಾಗುತ್ತಿರಲಿಲ್ಲ. ಮುಂಜಾನೆ ಶುರುವಾದಾಗ ಮುದುಕಿಯರು ಕೂಗಾಡಿದ್ದರಂತೆ. ನೂಲು ಕಂಡ ಮೇಲೆ ಸುಮ್ಮನಾದರಂತೆ.

ಇಪ್ಪತ್ತು ವರ್ಷ ಕಲಿಸಿದ್ದೇನೆ. ನಾನು ಹೇಳಿದ್ದನ್ನು ಒಬ್ಬರು ಮನೆಗೆ ಒಯ್ದು, ನನ್ನಿಂದ ಆಗದ ಗಂಟನ್ನು ತಾವೇ ಬಿಡಿಸಿದ್ದನ್ನು ಕಂಡದ್ದು ಅದೊಂದೇ ಸಲ. ಕಣ್ಣಲ್ಲಿ ನೀರು ಬಂತು, ನೆಗಡಿಯೆಂದು ಸೆರಗಿನಲ್ಲಿ ಒರೆಸಿಕೊಂಡೆ.

ಆ ದಿನ ಮಲ್ಲಮ್ಮ ಎಂಬ ಎಳೆಯ ತಾಯಿ ಒಂದೂವರೆ ವರ್ಷದ ಹೆಣ್ಣುಕೂಸನ್ನು ತಂದಿದ್ದಳು. ಕೂಸಿಗೆ ಮುತ್ತಜ್ಜಿಯ ಹೆಸರು, ಭೀಮಬಾಯಿ. ಅಷ್ಟು ದೊಡ್ಡ ಹೆಸರು ಹೊತ್ತ ಅಷ್ಟು ಸಣ್ಣ ಜೀವವನ್ನು ನಾನು ನೋಡಿರಲಿಲ್ಲ. ಮೈಮೇಲೆ ಬೆಳ್ಳಿ ಮಾತ್ರ ಭರ್ತಿ ಇತ್ತು. ಹೋದ ತಿಂಗಳವರೆಗೂ ಹಳದಿಯಲ್ಲಿದ್ದವಳು, ಬೆಳ್ಳಿ ತೆಗೆದು ಜೋಳಿಗೆಯಲ್ಲಿ ಕೂರಿಸಿದಾಗ ಕೆಂಪಿನಲ್ಲಿ ಬಿದ್ದಳು. ಅಳಲೂ ಇಲ್ಲ. ಅಳುವ ಮಕ್ಕಳ ಬಗ್ಗೆ ನಮಗೆ ಹೆದರಿಕೆಯಿಲ್ಲ, ಸುಮ್ಮನೆ ಕೂರುವ ಮಕ್ಕಳದ್ದೇ ಹೆದರಿಕೆ.

ದೊಡ್ಡಾಸ್ಪತ್ರೆಗೆ ಹದಿನಾಲ್ಕು ದಿನ ಹೋಗಲು ಆ ಮನೆಯವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅತ್ತೆ ಒಪ್ಪಲಿಲ್ಲ, ಗಂಡ ಕಬ್ಬು ಕಡಿಯಲು ಹೋಗುವ ಹೊತ್ತು ಬಂತೆಂದ. ಇಂದುಬಾಯಿ ದಿನಾ ಸಂಜೆ ಅವರ ಕಟ್ಟೆಯ ಮೇಲೆ ಕೂತು, ಮೂರು ವಾರದಲ್ಲಿ ಎಲ್ಲರನ್ನೂ ಒಪ್ಪಿಸಿದರು. ದಸರೆ ಮುಗಿದ ಮೇಲೆ ಮಲ್ಲಮ್ಮ ಕೂಸನ್ನು ಕರೆದುಕೊಂಡು ಹೋಗುವುದೆಂದು ಆಯಿತು. ಗಂಡ ಒಬ್ಬನೇ ಕಬ್ಬಿಗೆ ಹೋಗಲು ಒಪ್ಪಿದ. ಈ ಸುದ್ದಿಯನ್ನು ಇಂದುಬಾಯಿ ಫೋನಿನಲ್ಲಿ ಹೇಳಿದ ದಿನ ನಾನು ಮಕಬೂಲ್ ಸರ್‌ಗೆ ಚಹಾದ ಜತೆ ಭಜಿ ಕೊಡಿಸಿದೆ.

ದಸರೆಗೆ ನಾಲ್ಕು ದಿನ ಮುಂಚೆ ಅಫಜಲಪುರದಲ್ಲಿ ಪ್ರಗತಿ ಸಭೆ ಕರೆದರು. ಬಿಸಿಲು ಚುರುಚುರು ಎನ್ನುತ್ತಿತ್ತು, ಫ್ಯಾನು ತಿರುಗದ ಕೋಣೆ. ಮೇಲಿನ ಸಾಹೇಬರು ಗೋಡೆಯ ಮೇಲೆ ಪಟ್ಟಿ ಹಾಕಿ ತೋರಿಸಿದರು. ಇಡೀ ತಾಲ್ಲೂಕು ಹಸಿರು, ಹಳದಿ. ಒಂದು ಅಂಗನವಾಡಿ ಮಾತ್ರ ಕೆಂಪು. ಆಳಂದದಲ್ಲಿ ಚಪ್ಪಾಳೆ ತಟ್ಟಿದ ಉಳಿದವರು ಮನೆಗೆ ಹೋಗಿ ಹಿಂದಿನಂತೆಯೇ ತೂಗಿದ್ದರು ಎಂಬುದು ಆ ಗೋಡೆ ನೋಡಿದ ಕೂಡಲೇ ನನಗೆ ತಿಳಿಯಿತು.

ಸಾಹೇಬರು ಇಂದುಬಾಯಿಯನ್ನು ಎದ್ದು ನಿಲ್ಲಲು ಹೇಳಿದರು. ಹೋದ ತಿಂಗಳು ಒಂದೂ ಇಲ್ಲದ ಕಡೆ ಈ ತಿಂಗಳು ಆರು ಕೆಂಪು ಮಕ್ಕಳು ಹೇಗೆ ಬಂದವು, ಆ ಮಕ್ಕಳ ಪಾಲಿನ ಕಾಳು, ಮೊಟ್ಟೆ ಎಲ್ಲಿಗೆ ಹೋದವು ಎಂದು ಕೇಳಿದರು. ಕೆಲವರು ನಕ್ಕರು. ಇಂದುಬಾಯಿ ಹೆದರದೆ ಬೆಳ್ಳಿಯ ವಿಷಯ ಹೇಳಿದರು, ನೂಲಿನ ವಿಷಯ ಹೇಳಿದರು. ಹೀಗೆ ತೂಗಲು ಯಾರು ಹೇಳಿದರು ಎಂದು ಸಾಹೇಬರು ಕೇಳಿದಾಗ, ಇಂದುಬಾಯಿ ಉತ್ತರ ಕೊಡುವ ಮೊದಲೇ ಅವರು ನನ್ನ ಕಡೆ ತಿರುಗಿದರು.

"ಮೇಡಂ, ನಿಮ್ಮ ಪುಸ್ತಕದಾಗ ಬೆಳ್ಳಿ ತಗದು ತೂಗ್ರಿ ಅಂತ ಎಲ್ಲೆರ ಅದ ಏನು?"

ಆ ತಿಂಗಳು ನನ್ನ ಕರಾರಿನ ಕಡತ ಅವರ ಮೇಜಿನ ಮೇಲಿತ್ತು. ಅದನ್ನು ಅವರು ನೆನಪಿಸಲಿಲ್ಲ, ನನಗೇ ನೆನಪಾಯಿತು. "ಪುಸ್ತಕದಾಗ ಇಲ್ಲ ಸರ್" ಎಂದೆ.

ಸುಳ್ಳು ಹೇಳಲಿಲ್ಲ. ಪುಸ್ತಕದಲ್ಲಿ ನಿಜಕ್ಕೂ ಇರಲಿಲ್ಲ. ಅದು ನಾನು ಹೇಳಿಕೊಟ್ಟದ್ದು ಎಂಬ ಇನ್ನೊಂದು ಮಾತನ್ನು ಮಾತ್ರ ಸೇರಿಸಲಿಲ್ಲ. ಮಕಬೂಲ್ ಸರ್ ತಲೆ ತಗ್ಗಿಸಿ ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಇಂದುಬಾಯಿ ನನ್ನ ಕಡೆ ಒಮ್ಮೆ ನೋಡಿದರು. ಇನ್ನೇನು ನನ್ನ ಹೆಸರು ಹೇಳುತ್ತಾರೆಂದುಕೊಂಡೆ.

"ಮೇಡಂ ಅನ್ನೂದು ಖರೇ ಅದರಿ" ಎಂದರು ಅವರು. "ಪುಸ್ತಕದಾಗ ಇಲ್ಲ. ನನಗ ತಿಳಿದಂಗ ನಾನೇ ಮಾಡೀನ್ರಿ."

ಸಾಹೇಬರು ನೋಟಿಸು ಬರೆಸಿದರು. ಆರೂ ಮಕ್ಕಳನ್ನು ಮೇಲ್ವಿಚಾರಕಿಯೊಬ್ಬರು ಹೋಗಿ ಮೊದಲಿನ ಕ್ರಮದಲ್ಲಿ ಮತ್ತೆ ತೂಗಬೇಕೆಂದು ಆಜ್ಞೆಯಾಯಿತು. ಸಭೆಯ ಮಾತು ಪಟ್ಟಿಯ ಮುಂದಿನ ಊರಿಗೆ ಹೋಯಿತು.

ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಇಂದುಬಾಯಿ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದರು. ತಪ್ಪಿಸಿಕೊಂಡು ಹೋಗುವಷ್ಟು ದೂರವಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಅವರು ಅದಕ್ಕೆ ಎಡೆ ಕೊಡದೆ ಅರ್ಧ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗಿಟ್ಟರು.

"ನಿಮ್ಮ ನೌಕರಿ ಕರಾರಿಂದು, ನನಗ ಗೊತ್ತದ ಬಿಡ್ರಿ" ಎಂದರು. "ನೋಟಿಸ್ ಬಂದ್ರ ಬರ್ಲಿ. ಒಂದೇ ಕೆಲಸ ಮಾಡ್ರಿ ಮೇಡಂ. ಭೀಮಬಾಯಿ ಹೆಸರು ದವಾಖಾನಿ ಪಟ್ಟಿಯಿಂದ ತಗೀಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳ್ರಿ. ಉಳಿದ ಐದು ಮಕ್ಕಳನ್ನ ನಾ ಹ್ಯಾಂಗರ ನೋಡ್ಕೋತೇನಿ. ಆಕಿ ತಡ್ಯಂಗಿಲ್ರಿ."

ಹೇಳ್ತೇನಿ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ. ರೊಟ್ಟಿ ತಿಂದು, ನೀರು ಕುಡಿದು, ಕೈ ಹಿಡಿದು ಮಾತು ಕೊಟ್ಟೆ.

ಮರುದಿನವೇ ಸಾಹೇಬರ ಕೋಣೆಗೆ ಹೋದೆ. ಅವರು ಕಡತಗಳ ಮೇಲೆ ಒಂದಾದ ಮೇಲೊಂದು ಸಹಿ ಹಾಕುತ್ತಿದ್ದರು. ನನ್ನ ಹೆಸರು ಬರೆದ ಗುಲಾಬಿ ಬಣ್ಣದ ಕಡತ ರಾಶಿಯಲ್ಲಿ ಮೂರನೆಯದೋ ನಾಲ್ಕನೆಯದೋ ಇತ್ತು. ಅದನ್ನು ನೋಡದೆ ಇರಲು ಬಹಳ ಪ್ರಯತ್ನಪಟ್ಟೆ. ಏನು ಬಂದಿರಿ ಎಂದು ಅವರು ತಲೆ ಎತ್ತದೆ ಕೇಳಿದರು. ಜೇವರ್ಗಿಯ ತರಬೇತಿಯ ದಿನಾಂಕ ಕೇಳಲು ಬಂದೆ ಎಂದು ನನ್ನ ಬಾಯಿ ಹೇಳಿತು. ಅವರು ಖುಷಿಯಾಗಿ ದಿನಾಂಕ ಕೊಟ್ಟರು. ಕೆಲಸ ಸರಿಯಾಗಿ ಬಾರದವರಿಗೆ ಐದು ದಿನದ ಪುನಶ್ಚೇತನ ತರಬೇತಿ, ಅದರಲ್ಲಿ ಆ ಭೀಮಾ ದಂಡೆಯ ಬಾಯಿಯ ಹೆಸರು ಮೊದಲು ಹಾಕಿಕೊಳ್ಳಿ, ಚೆನ್ನಾಗಿ ಕಲಿಸಿ ಕಳಿಸಿ ಎಂದರು. ಥ್ಯಾಂಕ್ಸ್ ಸರ್ ಎಂದು ಹೊರಗೆ ಬಂದೆ. ಅಂದೇ ಸಂಜೆ ನನ್ನ ಕಡತಕ್ಕೆ ಸಹಿ ಬಿತ್ತು.

ನಾಚಿಕೆಗೇಡಿತನಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹೇಳಬೇಕೆಂದು ಎಷ್ಟೋ ಸಲ ಅನಿಸಿದೆ. ಮಗಳ ಮದುವೆ, ಗಂಡನ ಕಾಯಿಲೆ, ಏನಾದರೂ. ಯಾವುದೂ ಇರಲಿಲ್ಲ. ಆ ನೌಕರಿ ನನಗೆ ಇಷ್ಟವಿತ್ತು. ಮೇಡಂ ಎನ್ನಿಸಿಕೊಳ್ಳುವುದು, ಎದುರಿಗೆ ನಲವತ್ತು ಜನ ಪೆನ್ನು ಹಿಡಿದು ಕೂರುವುದು ಇಷ್ಟವಿತ್ತು. ಅದು ಹೋದೀತೆಂದು ಹೆದರಿದೆ, ಅಷ್ಟೆ.

ದಸರೆಯ ಮರುವಾರ ಮೇಲ್ವಿಚಾರಕಿ ಹೋಗಿ ಮಕ್ಕಳನ್ನು ಮತ್ತೆ ತೂಗಿದರು. ಬೆಳ್ಳಿಯ ಸಮೇತ, ಅಂಗಿ ಟೋಪಿಯ ಸಮೇತ. ಐದು ಮಕ್ಕಳ ಜತೆ ಭೀಮಬಾಯಿಯೂ ಹಳದಿಗೆ ಬಂದಳು. ಆಸ್ಪತ್ರೆಯ ಪಟ್ಟಿಯಿಂದ ಹೆಸರು ಹೋಯಿತು. ಪಟ್ಟಿಯಲ್ಲಿ ಹೆಸರಿಲ್ಲದ ಮಗುವನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಅಲ್ಲಿನವರು ಹೇಳಿದರಂತೆ. ಇಂದುಬಾಯಿ ನನಗೆ ಎರಡು ಸಲ ಫೋನು ಮಾಡಿದರು. ಎರಡೂ ಸಲ ನೋಡ್ತೇನಿ ಎಂದೆ. ಮೂರನೇ ಸಲ ಅವರ ಹೆಸರು ಪರದೆಯ ಮೇಲೆ ಮೂಡಿದಾಗ ಫೋನನ್ನು ದಿಂಬಿನ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಆಮೇಲೆ ಅವರು ಮಾಡಲಿಲ್ಲ.

ಜೇವರ್ಗಿಗೆ ಹೋದಾಗ ಎಳ್ಳು ಅಮಾವಾಸ್ಯೆ ಹತ್ತಿರ ಬಂದಿತ್ತು. ಹೊಲಗಳಲ್ಲಿ ತೊಗರಿ ಒಣಗಿ ಕೊಯ್ಲಿಗೆ ನಿಂತಿತ್ತು, ಜೋಳ ಇನ್ನೂ ಹಸಿರಾಗಿತ್ತು, ಮುಂಜಾನೆ ಮೈ ನಡುಗಿಸುವ ಗಾಳಿ. ಬಂದವರು ಬರೇ ಎಂಟು ಜನ. ಯಡ್ರಾಮಿಯ ಕಡೆಯಿಂದ ಬಂದ ಇಬ್ಬರು ತಾವು ಏನು ತಪ್ಪು ಮಾಡಿದೆವೆಂದೇ ಗೊತ್ತಿಲ್ಲ ಎಂದರು. ಇಂದುಬಾಯಿ ಸರಿಯಾದ ಹೊತ್ತಿಗೆ ಬಂದು, ನಮಸ್ಕಾರ ಮಾಡಿ, ಕೊನೆಯ ಬೆಂಚಿನಲ್ಲಿ ಕೂತರು. ನೋಟುಬುಕ್ಕು ತಂದಿರಲಿಲ್ಲ. ನಾವು ಹಂಚಿದ ಪೆನ್ನನ್ನು ಬೆಂಚಿನ ಮೇಲೆ ಹಾಗೇ ಬಿಟ್ಟಿದ್ದರು.

ನನ್ನ ಜತೆ ಅವರು ಒರಟಾಗಿ ನಡೆದುಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಹೇಳಿದ ಆಟ ಆಡಿದರು, ಮಕಬೂಲ್ ಸರ್ ಮಳೆ ಚಪ್ಪಾಳೆ ಹೊಡೆಸಿದಾಗ ಎಲ್ಲರಂತೆ ಬೆರಳು ತಟ್ಟಿದರು. ಮೂರನೇ ದಿನ ಚಹಾದ ಹೊತ್ತಿಗೆ ಧೈರ್ಯ ಮಾಡಿ ಹತ್ತಿರ ಹೋಗಿ, ಭೀಮಬಾಯಿ ಹೇಗಿದ್ದಾಳೆ ಎಂದು ಕೇಳಿದೆ.

"ಆಕಿ ಇಲ್ರಿ ಈಗ" ಎಂದರು.

ಪಟ್ಟಿಯಿಂದ ಹೆಸರು ಹೋದ ಮೇಲೆ ಮಲ್ಲಮ್ಮನಿಗೆ ಊರಿನಲ್ಲಿ ಉಳಿಯಲು ಕಾರಣವೇ ಇರಲಿಲ್ಲ. ದೀಪಾವಳಿ ಮುಗಿಯುತ್ತಲೇ ಗಂಡನ ಜತೆ ಕೂಸನ್ನು ಎತ್ತಿಕೊಂಡು ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋದಳು. ಹೊಲದ ಬದುವಿನಲ್ಲಿ ಗುಡಿಸಲು, ಬೆಳಗಿನ ಥಂಡಿ. ಎರಡು ದಿನ ಭೇದಿಯಾಯಿತಂತೆ. ಮೂರನೇ ದಿನ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಮುಗಿಯಿತಂತೆ. ಕೂಸಿನ ಸೊಂಟದ ಬೆಳ್ಳಿಯ ಉಡದಾರ ತೆಗೆದುಕೊಂಡು, ಒಳಗಿದ್ದ ಕೆಂಪು ನೂಲನ್ನು ಹಾಗೇ ಬಿಟ್ಟು ಮಣ್ಣು ಮಾಡಿದರಂತೆ. ಇದೆಲ್ಲವನ್ನೂ ಇಂದುಬಾಯಿ ಚಹಾದ ಲೋಟ ಹಿಡಿದುಕೊಂಡೇ, ಬೇರೆ ಊರಿನ ಸುದ್ದಿ ಹೇಳಿದ ಹಾಗೆ ಹೇಳಿದರು.

"ಆ್ಯಪಿನಾಗ ವಲಸೆ ಅಂತ ಅದರಿ" ಎಂದರು ಕೊನೆಗೆ. "ತೀರಿದ್ದು ಅಂತ ಹಾಕಾಕ ನನಗ ಬರೂದಿಲ್ಲಂತ. ಅಲ್ಲಿಯವರ ಹಾಕಬೇಕಂತ. ಅಲ್ಲಿಯವರಿಗೆ ಆಕಿ ಹೆಸರೇ ಗೊತ್ತಿಲ್ರಿ."

ಅವರ ತೋಳು ಮುಟ್ಟಲು ಕೈ ಚಾಚಿದೆ. ಅವರು ಮೆಲ್ಲಗೆ ಸರಿದು, ಲೋಟ ತೊಳೆಯಲು ನಳದ ಕಡೆ ಹೋದರು. ಆ ಮಧ್ಯಾಹ್ನದ ಪಾಠ ತಾಯಿಯ ಜತೆ ಸಮಾಧಾನದಿಂದ ಮಾತಾಡುವುದು ಹೇಗೆ ಎಂಬುದು. ಅದನ್ನು ನಾನು ಮಾಡಿದೆ. ಪೂರ್ತಿ ಒಂದೂವರೆ ಗಂಟೆ, ಚಾರ್ಟು ತೂಗುಹಾಕಿ, ಪ್ರಶ್ನೆ ಕೇಳಿ, ನಗಿಸಿ ಮಾಡಿದೆ. ಅದು ಹೇಗೆ ಸಾಧ್ಯವಾಯಿತೆಂದು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಐದನೇ ದಿನ ಪ್ರಾತ್ಯಕ್ಷಿಕೆ. ಕಲಿತದ್ದನ್ನು ಒಬ್ಬೊಬ್ಬರೂ ಮಾಡಿ ತೋರಿಸಬೇಕು, ನಾನು ಹತ್ತಕ್ಕೆ ಅಂಕ ಹಾಕಬೇಕು. ಪಕ್ಕದ ಅಂಗನವಾಡಿಯಿಂದ ಒಂದು ಮಗುವನ್ನು ಕರೆಸಿದ್ದೆವು, ಕೈಕಾಲಿಗೆ ಕಡಗ, ಸೊಂಟಕ್ಕೆ ಬೆರಳು ದಪ್ಪದ ಉಡದಾರ. ಇಂದುಬಾಯಿಯ ಸರದಿ ಬಂತು. ಎದ್ದು ಬಂದರು. ಮುಳ್ಳನ್ನು ಸೊನ್ನೆಗೆ ತಂದರು. ಮಗುವನ್ನು ಮಾತಾಡಿಸಿ, ಎತ್ತಿ, ಬೆಳ್ಳಿಯ ಸಮೇತ, ಸ್ವೆಟರಿನ ಸಮೇತ ಜೋಳಿಗೆಯಲ್ಲಿ ಕೂರಿಸಿದರು. ಮುಳ್ಳು ನಿಂತ ಮೇಲೆ ಕಣ್ಣಿನ ಮಟ್ಟಕ್ಕೆ ಬಾಗಿ ನೋಡಿ, ಗಟ್ಟಿಯಾಗಿ ಓದಿ ಹೇಳಿದರು. ಹಸಿರು. ಉಳಿದ ಏಳೂ ಜನ ಚಪ್ಪಾಳೆ ತಟ್ಟಿದರು. ತಪ್ಪಾಗಿದೆ ಎಂದು ಹೇಳುವ ಹಕ್ಕು ಅಲ್ಲಿ ಒಬ್ಬಳಿಗಿತ್ತು, ಅವಳು ನಾನು. ಇಂದುಬಾಯಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು, ಇನ್ನೂ ಏನೋ ಹೇಳುವೆನೇನೋ ಎಂಬಂತೆ. ನಾನು ಹತ್ತಕ್ಕೆ ಹತ್ತು ಹಾಕಿದೆ.

ನಾಲ್ಕರ ಬಸ್ಸಿಗೆ ಎಲ್ಲರೂ ಹೊರಟುಹೋದರು. ಮಕಬೂಲ್ ಸರ್ ಮತ್ತು ನಾನು ಕೂತು ಅಭಿಪ್ರಾಯದ ಫಾರಂಗಳನ್ನು ಜೋಡಿಸತೊಡಗಿದೆವು. ತರಬೇತಿ ಹೇಗಿತ್ತು, ಊಟ ಹೇಗಿತ್ತು ಎಂಬಲ್ಲಿ ಇಂದುಬಾಯಿ ಎಲ್ಲರಂತೆ ಟಿಕ್ ಹಾಕಿದ್ದರು. ಕೊನೆಯ ಪ್ರಶ್ನೆ, ಈ ತರಬೇತಿಯಿಂದ ನೀವು ಏನು ಕಲಿತಿರಿ. ಅದರ ಕೆಳಗೆ ನಾಲ್ಕು ಗೆರೆ ಬಿಟ್ಟಿದ್ದೆವು. ನಾಲ್ಕೂ ಖಾಲಿ ಇದ್ದವು.

ಮಕಬೂಲ್ ಸರ್ ಆ ಹಾಳೆಯನ್ನು ನನ್ನ ಕಡೆ ಸರಿಸಿದರು. "ಖಾಲಿ ಬಿಟ್ಟ ಫಾರಂ ಮ್ಯಾಲಿನವರು ತಗೊಳ್ಳೂದಿಲ್ರಿ ಮೇಡಂ" ಎಂದರು, ಇನ್ನೇನೂ ಹೇಳದೆ ಕಿಟಕಿ ಮುಚ್ಚಲು ಎದ್ದು ಹೋದರು.

ನಾನು ಪೆನ್ನು ತೆಗೆದುಕೊಂಡೆ. ಮಗುವನ್ನು ತೂಗುವ ಸರಿಯಾದ ಕ್ರಮವನ್ನು ಕಲಿತೆ, ಮೇಡಂ ಬಹಳ ಚೆನ್ನಾಗಿ ಹೇಳಿಕೊಟ್ಟರು ಎಂದು ಬರೆದೆ. ಹಾಳೆಯ ಮೇಲ್ತುದಿಯಲ್ಲಿ ಇಂದುಬಾಯಿ ತಮ್ಮ ಹೆಸರು ಬರೆದಿದ್ದ ಅಕ್ಷರಗಳನ್ನು ನೋಡಿ ನೋಡಿ, ಅವರದೇ ಅನ್ನಿಸುವಂತೆ ಸ್ವಲ್ಪ ಬಲಕ್ಕೆ ವಾಲಿಸಿ ಬರೆದೆ.